ಎದ್ದು ನಿಲ್ಲದ ರವಿವಾರ

ಹೊಳನಗದ್ದೆ, ಕುಮಟಾ
ಮಂಗಳವಾರ, ೧೦ ಡಿಸೆಂಬರ್ ೨೦೨೪

ಪ್ರೀತಿಯ ವೀಣಕ್ಕಾ,

ಇವತ್ತು ಬೆಳಿಗ್ಗೆ ಮೀನು ಮಾರುವ ಮಂಜಿ ನಮ್ಮ ಬೇಲಿಯ ಹತ್ತಿರ ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ನಿಂತಿದ್ದಳು. ಬುಟ್ಟಿಯ ನೀರು ಅವಳ ಎಡಭುಜದ ಮೇಲೆ ತೊಟ್ಟಿಕ್ಕಿ ಸೆರಗು ಅಂಗೈಯಗಲ ಒದ್ದೆಯಾಗಿತ್ತು. ದಿನಾ ಓಡಿಹೋಗಿ ಬುಟ್ಟಿಗೆ ಕೈಕೊಡುವ ಅಮ್ಮ ಇವತ್ತು ಅದನ್ನು ಮರೆತು, ಮೊಬೈಲನ್ನು ಅವಳ ಕಿವಿಗೆ ಹಿಡಿದು, ನೀನು ಮಾತಾಡಿ ಕಳಿಸಿದ್ದನ್ನು ಕೇಳಿಸುತ್ತಿದ್ದಳು. ‘ಅಮ್ಮಾ, ನಾ ಮತ್ತೆ ಬರ್ಯೂಕೆ ಶುರು ಮಾಡ್ದೆ. ಶಿಶಿರ ಏಳೂದ್ರೊಳಗೆ ಎದ್ದು ಕೂತ್ಕಂತೆ.’ ಮಂಜಿ ಪೂರ್ತಿ ಕೇಳಿದಳು. ಆಮೇಲೆ, ‘ದೊಡ್ಡದು ಬರೀತದೆ, ಸಣ್ಣದು ಎಂತ ಮಾಡ್ತದ್ರಾ?’ ಎಂದು ಕೇಳಿದಳು. ಅಮ್ಮ ಹೇಳಿದಳು: ‘ಅದು ಬರ್ಯೂದಿಲ್ಲ, ಓದೂದು ಮಾತ್ರ.’ ನಾನು ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತಿದ್ದೆ. ಇನ್ನೊಂದು ಕೊಡಪಾನ ನೀರು ಸೇದಿ ಮತ್ತೊಮ್ಮೆ ತೊಳೆದುಕೊಂಡೆ.

ಅಯ್ಯೋ, ಮೊದಲು ಕೇಳಬೇಕಾದ್ದನ್ನು ಬಿಟ್ಟು ಎಲ್ಲಿಗೋ ಹೋದೆ. ನಿನ್ನ ಸೊಂಟನೋವು ಹೇಗಿದೆ? ಶಿಶಿರನ ಕೆಮ್ಮು ಇಳಿಯಿತಾ? ವಾಸ್ಕೋದಲ್ಲಿ ಸಂಜೆ ಗಾಳಿ ಜೋರಂತೆ, ಮೋಹನ ಭಾವ ಹೇಳಿದರು. ಹುಡುಗನಿಗೆ ಕಿವಿ ಮುಚ್ಚುವ ಟೊಪ್ಪಿ ಹಾಕು. ಎರಡೇ ನಿಮಿಷಕ್ಕೆ ಕಿತ್ತು ಬಿಸಾಡುತ್ತಾನೆ ಅಂತ ಗೊತ್ತು, ಆದರೂ ಹಾಕು. ಇಲ್ಲಿ ಎಲ್ಲ ಕ್ಷೇಮ. ಅಪ್ಪ ಶೇಂಗಾ ಬಿತ್ತಲು ಗದ್ದೆ ಹದಮಾಡಿಸುತ್ತಿದ್ದಾರೆ, ಟ್ರ್ಯಾಕ್ಟರಿನವನು ನಾಳೆ ಬತ್ತೆ ನಾಡಿದ್ದು ಬತ್ತೆ ಎಂದು ವಾರದಿಂದ ಆಟ ಆಡಿಸುತ್ತಿದ್ದಾನೆ. ಅಮ್ಮ ಚೆನ್ನಾಗಿದ್ದಾಳೆ. ಮೊದಲಿಗಿಂತ ಚೆನ್ನಾಗಿದ್ದಾಳೆ ಎನ್ನಬೇಕು. ಅದಕ್ಕೆ ಕಾರಣ ನೀನು, ಮತ್ತು ನಮ್ಮ ರವಿವಾರ ಬಳಗ ನಿನ್ನದೆಂದು ಮೆಚ್ಚಿದ ಆ ಬರಹ.

ಅಕ್ಕಾ, ಆ ಬರಹ ನಿನ್ನದಲ್ಲ. ನಾನು ಬರೆದದ್ದು.

ಇದನ್ನು ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. ಒಮ್ಮೆ ಅಮ್ಮ ಪಕ್ಕದಲ್ಲೇ ಇದ್ದಳು. ಇನ್ನೊಮ್ಮೆ ನೀನೇ ಎಷ್ಟು ಖುಷಿಯಲ್ಲಿ ಮಾತಾಡುತ್ತಿದ್ದೆ ಎಂದರೆ, ನನಗೆ ನಡುವೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ. ಜಾಗ ಸಿಕ್ಕಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಕಾಗದದಲ್ಲಾದರೆ ನೀನು ನನ್ನ ಮುಖ ನೋಡುವುದಿಲ್ಲ, ನಾನು ನಿನ್ನ ದನಿ ಕೇಳುವುದಿಲ್ಲ. ಹೇಡಿತನ ಅಂತ ಬೇಕಾದರೆ ಅನ್ನು. ಆದದ್ದು ಹೇಗೆ ಎಂದು ಮೊದಲಿನಿಂದ ಹೇಳುತ್ತೇನೆ.

ಬಳಗದ ಕ್ರಮ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನೀನಿದ್ದಾಗ ಹೇಗಿತ್ತೋ ಈಗಲೂ ಹಾಗೆಯೇ ಇದೆ. ತಿಂಗಳ ಮೊದಲ ರವಿವಾರ, ಒಮ್ಮೆ ಕುಮಟಾದಲ್ಲಿ, ಒಮ್ಮೆ ಹೊನ್ನಾವರದಲ್ಲಿ, ಒಮ್ಮೆ ಭಟ್ಕಳದಲ್ಲಿ. ಒಂದು ಪಂಥ, ಎಲ್ಲರಿಗೂ ಒಂದೇ ವಿಷಯ. ಅಕ್ಷರದ ಗುರುತು ಸಿಗದ ಹಾಗೆ ಟೈಪ್ ಮಾಡಿಸಿ, ಹೆಸರು ಹಾಕದೆ ಬಿಸ್ಕಿಟ್ ಡಬ್ಬಿಗೆ ಹಾಕುವುದು. ಭಾಸ್ಕರ ಮಾಸ್ತರು ಒಂದೊಂದಾಗಿ ತೆಗೆದು ಓದುವುದು. ಓದಿದ ಮೇಲೆ ಯಾರು ಬರೆದದ್ದೆಂದು ಉಳಿದವರು ಹೇಳಬೇಕು. ಹೇಳಿದ್ದು ಸರಿಯಾದರೆ ಬರೆದವರು ಎಲ್ಲರಿಗೂ ಬನ್ಸ್, ಚಹಾ ಕೊಡಿಸಬೇಕು. ತಪ್ಪಾದರೆ ಬರೆದವರು ಎದ್ದು ನಿಂತು ‘ನಂದು’ ಎನ್ನಬೇಕು, ಆಗ ಉಳಿದವರು ಅವರಿಗೆ ಕೊಡಿಸಬೇಕು. ಎದ್ದು ನಿಲ್ಲುವುದು ಎಂಥ ಸಂಭ್ರಮ ಅಂತ ನೀನು ಹೇಳುತ್ತಿದ್ದೆ. ನಿನ್ನನ್ನು ಮಾತ್ರ ಯಾವಾಗಲೂ ಎರಡನೇ ಸಾಲಿಗೇ ಹಿಡಿದುಬಿಡುತ್ತಿದ್ದರು.

ನೀನು ಮದುವೆಯಾಗಿ ಹೋದ ಮೇಲೆ ಒಂದು ವರ್ಷ ನಿನ್ನ ಬರಹಗಳನ್ನು ಡಬ್ಬಿಗೆ ಹಾಕಿದವಳು ನಾನು. ಆಮೇಲೆ ನಿನ್ನಿಂದ ಬರುವುದು ನಿಂತಿತು, ನಾನು ಹೋಗುವುದು ನಿಲ್ಲಲಿಲ್ಲ. ಕೊನೆಯ ಸಾಲಿನಲ್ಲಿ ಕೂತು ಕೇಳಿ ಬರುತ್ತಿದ್ದೆ. ಹೊನ್ನಾವರದ ರೇಖಾ, ಆ ಬ್ಯಾಂಕಿನವಳು, ನನಗೊಂದು ಹೆಸರಿಟ್ಟಿದ್ದಾಳೆ: ‘ಟಪಾಲು ತಂಗಿ’. ಒಳಗೆ ಕಾಲಿಟ್ಟ ಕೂಡಲೇ ‘ಬಂದ್ಲು ನೋಡಿ ನಮ್ಮ ಟಪಾಲು ತಂಗಿ, ಗೋವಾದಿಂದ ಎಂತಾದ್ರೂ ಬಂತಾ?’ ಎಂದು ಕೇಳುತ್ತಾಳೆ. ಪ್ರೀತಿಯಿಂದಲೇ ಕೇಳುವುದು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಎಂ.ಎ. ಮಾಡಿದವಳು ಯಾಕೆ ಬರೆಯುವುದಿಲ್ಲ ಎಂದು ಒಮ್ಮೆ ಮಾಸ್ತರು ಕೇಳಿದ್ದರು. ಅಷ್ಟೆಲ್ಲ ಓದಿದ ಮೇಲೆ ಬರೆಯಲು ಇನ್ನೂ ಹೆದರಿಕೆಯಾಗುತ್ತದೆ ಎನ್ನಬೇಕಿತ್ತು. ನಕ್ಕು, ಖಾಲಿ ಚಹಾ ಲೋಟಗಳನ್ನು ಒಟ್ಟುಮಾಡಲು ಎದ್ದೆ.

ಈ ತಿಂಗಳ ಪಂಥ ‘ಮನೆಯೊಳಗಿನ ಒಂದು ಸದ್ದು’. ಇದೊಂದನ್ನು ಮಾತ್ರ ನಾನು ಬರೆಯಬಲ್ಲೆ ಅನ್ನಿಸಿತು. ಅಮ್ಮ ಕಾಯಿ ತುರಿಯುವ ಸದ್ದು. ಸಿಟ್ಟಿದ್ದರೆ ಉದ್ದುದ್ದ ಎಳೆಯುತ್ತಾಳೆ. ನೆಂಟರು ಬಂದರೆ ಅವಸರದ ಚಿಕ್ಕ ಚಿಕ್ಕ ಎಳೆತ. ಮನಸ್ಸು ಹಗುರವಿದ್ದರೆ ನಡುವೆ ಸದ್ದು ನಿಲ್ಲುತ್ತದೆ, ಆಗ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು ಎಂದರ್ಥ. ಮೂರು ಸಲ ಬರೆದೆ, ಹರಿದೆ. ನಾಲ್ಕನೆಯದನ್ನು ಕುಮಟಾದ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸುವಾಗ ಆ ಹುಡುಗಿ ಓದದಿರಲಿ ಎಂದು ಇಡೀ ಹೊತ್ತು ಅವಳೊಡನೆ ಬೇರೇನೋ ಮಾತಾಡುತ್ತಾ ನಿಂತೆ. ನಾನು ಅಷ್ಟು ಮಾತಾಡಿದ್ದನ್ನು ನೀನು ನೋಡಬೇಕಿತ್ತು.

ಈ ಸಲ ಸೇರಿದ್ದು ಭಟ್ಕಳದಲ್ಲಿ, ಶಾಹಿದಾ ಟೀಚರ ಟ್ಯೂಷನ್ ಕೋಣೆಯಲ್ಲಿ. ಅಲ್ಲಿಯದು ಮಕ್ಕಳ ಬೆಂಚು, ಮುಂದಿನ ಡೆಸ್ಕಿಗೆ ಅಂಟಿಸಿಯೇ ಮಾಡಿದ್ದು. ಗೋಡೆಯ ಕಡೆ ನಾನು, ಹೊರಗಿನ ತುದಿಗೆ ರೇಖಾ. ಅವಳು ಏಳದೆ ನಾನು ಏಳುವ ಹಾಗಿರಲಿಲ್ಲ. ಮಾಸ್ತರು ನನ್ನ ಹಾಳೆ ತೆಗೆದರು. ಅವರ ದನಿಯಲ್ಲಿ ನನ್ನ ಮೊದಲ ವಾಕ್ಯ ಕೇಳಿದಾಗ ಅದು ನನ್ನದೆಂದು ನನಗೇ ಗುರುತು ಸಿಗಲಿಲ್ಲ, ಅಷ್ಟು ಚೆನ್ನಾಗಿತ್ತು. ನನ್ನ ಬರಹದ ಬಗ್ಗೆ ನಾನೇ ಹೀಗೆ ಹೇಳುತ್ತಿದ್ದೇನೆ, ನಗಬೇಡ. ಓದಿ ಮುಗಿದಾಗ ಸಂತೆಗುಳಿಯ ತ್ರ್ಯಂಬಕ ಹೆಗಡೆಯವರು, ಯಾರದನ್ನೂ ಸುಲಭಕ್ಕೆ ಒಪ್ಪದವರು, ತೊಡೆ ತಟ್ಟಿದರು. ‘ಇನ್ನೆಂತ ಕೇಳ್ತ್ರಿ ಮಾಸ್ತರೇ, ಇದು ವೀಣಂದೇಯಾ. ಬೇರೆಯವರದ್ದು ಆಪಲೆ ಸಾಧ್ಯವೇ ಇಲ್ಲೆ!’ ಎಲ್ಲರೂ ಹೌದು ಹೌದು ಎಂದರು. ರೇಖಾ ನನ್ನ ಭುಜಕ್ಕೆ ಗುದ್ದಿ, ‘ಕಳ್ಳೀ, ಟಪಾಲು ಬಂದದ್ದು ಹೇಳ್ಲೇ ಇಲ್ಲ!’ ಎಂದಳು. ಮಾಸ್ತರು ಹಾಳೆಯ ಎರಡನೇ ಭಾಗವನ್ನು ಬೆರಳಿನಲ್ಲಿ ಮುಟ್ಟಿ ಹೇಳಿದರು: ‘ಮನೆ ಬಿಟ್ಟು ಹೋದವ್ಳಿಗೆ ಮಾತ್ರ ಇದು ಕೇಳ್ತದೆ, ನೋಡಿ.’

ಆಗ ನಾನು ಎದ್ದೆ ಅಕ್ಕಾ. ಅರ್ಧ ಎದ್ದೆ. ಮೊಣಕಾಲು ಡೆಸ್ಕಿಗೆ ಬಡಿಯಿತು. ರೇಖಾ ತಿರುಗಿ, ಮೆಲ್ಲಗೆ, ‘ಹೊರಗೆ ಹೋಗೂದಾ? ಬಾತ್ರೂಮ್ ಮೆಟ್ಲ ಕೆಳಗೆ ಅದೆ’ ಎಂದಳು. ಇಲ್ಲ ಎಂದು ಕೂತುಬಿಟ್ಟೆ. ಇಷ್ಟೇ ಆದದ್ದು. ಹತ್ತಿರ ಕೂತವಳಿಗೆ ‘ಸ್ವಲ್ಪ ಜರುಗು’ ಎನ್ನಲಾಗದೆ ನನ್ನ ಮೊದಲ ಬರಹ ನನ್ನ ಕೈಬಿಟ್ಟಿತು. ಅಷ್ಟರಲ್ಲಿ ಮಾಸ್ತರು ನಿನಗೆ ಫೋನ್ ಹಚ್ಚಿ ಆಗಿತ್ತು, ಊರಲ್ಲಿಲ್ಲದವರಿಗೆ ಹಾಗೇ ಮಾಡುವುದಲ್ಲ. ನಿನ್ನ ಮನೆಯ ಕುಕ್ಕರಿನ ಸೀಟಿ ಇಡೀ ಕೋಣೆಗೆ ಕೇಳಿಸಿತು. ‘ಸಿಕ್ಕಿಬಿದ್ದೆ ವೀಣಾ, ಬನ್ಸ್ ನಿಂದೇ’ ಎಂದರು. ನಿನಗೆ ಏನೂ ಗೊತ್ತಾಗಲಿಲ್ಲ. ಅವರು ಮೊದಲಿನ ನಾಲ್ಕು ಸಾಲು ಓದಿದರು. ಆಚೆಯಿಂದ ಶಿಶಿರ ಏನೋ ಕೇಳುತ್ತಿದ್ದದ್ದು ಕೇಳಿಸಿತು. ನೀನು ಅಲ್ಲವೆಂದು ಹೇಳುತ್ತೀ, ಆಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ, ಆಗ ರೇಖಾ ತಾನೇ ಜರುಗುತ್ತಾಳೆ ಎಂದು ನಾನು ಕಾಯುತ್ತಿದ್ದೆ. ನೀನು ಹೇಳಿದೆ: ‘ಅಯ್ಯೋ, ಅದ್ಯಾ! ಅದು ಹಳೇದು ಮಾಸ್ತರೇ. ತಂಗಿ ಎಲ್ಲಿಂದ ಹುಡುಕಿ ಕೊಟ್ಲು ಅದ್ನ?’

ನೀನು ಸುಳ್ಳು ಹೇಳಿದೆ ಎಂದು ನಾನು ಒಂದು ಕ್ಷಣವೂ ಎಣಿಸಿಲ್ಲ. ಮದುವೆಗೆ ಮೊದಲು ಹೊರಗಿನ ಜಗಲಿಯಲ್ಲಿ ಮಲಗಿದಾಗೆಲ್ಲ ನೀನು ಹೇಳುತ್ತಿದ್ದೆ, ಅಮ್ಮ ಕಾಯಿ ತುರಿಯೂದರ ಬಗ್ಗೆ ಬರೀಬೇಕು ಮಾರಾಯ್ತಿ, ಹೀಗೆ ಬರೀಬೇಕು, ಹೀಗೆ ಶುರು ಮಾಡಬೇಕು ಎಂದು. ಅಷ್ಟು ಸಲ ಹೇಳಿ ಹೇಳಿ ಬರೆದಾಗಿದೆ ಎಂದೇ ನಿನ್ನ ಮನಸ್ಸಿನಲ್ಲಿ ಕೂತಿದೆ. ನನಗೂ ಅನುಮಾನ ಬಂದು ಮನೆಗೆ ಬಂದವಳೇ ನಿನ್ನ ಕಪಾಟು ಪೂರ್ತಿ ಕೆದಕಿದೆ. ಎಲ್ಲಾದರೂ ಒಂದು ಸಾಲಾದರೂ ಇರಲಿ, ನಾನು ಅದನ್ನು ಎಂದೋ ಓದಿ ಮರೆತಿರಲಿ, ಎಂದು ಬೇಡಿಕೊಂಡೆ. ಹಾಗಿದ್ದರೆ ಎಷ್ಟು ಹಗುರವಾಗುತ್ತಿತ್ತು! ಏನೂ ಇರಲಿಲ್ಲ. ಸದ್ದು ನಮ್ಮಿಬ್ಬರದು, ಕೇಳಲು ಕಲಿಸಿದವಳೂ ನೀನೇ. ವಾಕ್ಯಗಳು ಮಾತ್ರ ನನ್ನವು.

ಮರುದಿನ ನೀನು ನನಗೊಬ್ಬಳಿಗೇ ಫೋನ್ ಮಾಡಿದೆಯಲ್ಲ, ಅದು ನನ್ನನ್ನು ಹೆಚ್ಚು ಕಾಡುತ್ತಿದೆ. ‘ಆಗ ನಾ ಎಷ್ಟ್ ಚಂದ ಬರೀತಿದ್ದೆ ಅಲ್ದೇ ತಂಗಿ? ನನ್ ಕೈಲಿ ಇನ್ನು ಆಗೂದಿಲ್ಲ ಅಂತಲೇ ಮಾಡಿದ್ದೆ’ ಎಂದೆ. ನೀನು ಅಳುತ್ತಿದ್ದೆ ಅನ್ನಿಸುತ್ತದೆ, ಅಥವಾ ನೆಗಡಿಯೋ. ನಾಲ್ಕು ವರ್ಷ ಹುಡುಗ, ಮನೆ, ಭಾವನ ಪಾಳಿ ಎಂದು ಪೆನ್ನು ಮುಟ್ಟದವಳು ನೀನು. ಇನ್ನು ಬೆಳಿಗ್ಗೆ ಬೇಗ ಏಳುತ್ತೇನೆ ಎಂದೂ ನೀನು ಹೇಳಿದೆ. ನಾನು ‘ಹೂಂ’ ಎಂದೆ. ಆ ಒಂದು ಹೂಂ ಎಂದದ್ದಕ್ಕೆ ಟ್ಯೂಷನ್ ಕೋಣೆಯಲ್ಲಿ ಏಳದಿದ್ದುದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ. ಅಲ್ಲಿ ಕನಿಷ್ಠ ಬೆಂಚು ಅಡ್ಡ ಇತ್ತು.

ನೀನು ನಾಲ್ಕು ಸಾಲು ಮಾತ್ರ ಕೇಳಿದ್ದು, ಆದ್ದರಿಂದ ಪೂರ್ತಿ ಬರಹವನ್ನು ಇದರೊಡನೆ ಇಟ್ಟಿದ್ದೇನೆ. ಎರಡನೇ ಭಾಗ ಓದು. ನಿನ್ನ ದಿಬ್ಬಣ ಹೋದ ಮರುದಿನದಿಂದ ಅಮ್ಮ ಒಂದೇ ಕಡಿ, ಅರ್ಧ ಕಾಯಿ ಮಾತ್ರ, ತುರಿಯುತ್ತಾಳೆ, ಇನ್ನೊಂದು ಕಡಿಯನ್ನು ಉಪ್ಪು ಸವರಿ ಎತ್ತಿಡುತ್ತಾಳೆ. ಸದ್ದು ನಾನು ಎಣಿಸುವುದಕ್ಕಿಂತ ಮೊದಲೇ ನಿಂತುಬಿಡುತ್ತದೆ. ಹಾಸಿಗೆಯಲ್ಲಿ ಕಣ್ಣುಮುಚ್ಚಿ ಮಲಗಿ ಉಳಿದರ್ಧಕ್ಕೆ ಕಾಯುತ್ತೇನೆ. ಮಾಸ್ತರು ಹೇಳಿದ್ದು ತಪ್ಪು ಅಕ್ಕಾ. ಅದು ಬಿಟ್ಟು ಹೋದವಳಿಗೆ ಕೇಳುವಂಥದ್ದಲ್ಲ, ನೀನು ಅಲ್ಲಿರಲಿಲ್ಲ. ಅದು ಉಳಿದವಳಿಗೆ ಕೇಳಿದ್ದು. ಎಷ್ಟೋ ಸಲ ನಿನಗೆ ಫೋನಿನಲ್ಲಿ ಹೇಳಬೇಕೆಂದು ಹೇಳದೇ ಇಟ್ಟುಕೊಂಡದ್ದನ್ನು ಅಲ್ಲಿ ಹಾಕಿದ್ದೆ.

ಈಗ ಬಳಗದ ವರ್ಷದ ಪುಸ್ತಕ ಹೊನ್ನಾವರದಲ್ಲಿ ಅಚ್ಚಾಗುತ್ತಿದೆ. ಅದರಲ್ಲಿ ಮೊದಲನೆಯದೇ ಇದು, ಮೇಲೆ ನಿನ್ನ ಹೆಸರು. ಕರಡು ತಿದ್ದುವ ಕೆಲಸ ಮಾಸ್ತರು ನನಗೇ ಕೊಟ್ಟಿದ್ದಾರೆ, ‘ಅಕ್ಕಂದು ನೀನೇ ನೋಡಿದ್ರೆ ಒಳ್ಳೇದು’ ಎಂದು. ನಿನ್ನ ಹೆಸರೇ ಇರಲಿ ಎಂದು ನಾಲ್ಕು ದಿನ ನನಗೆ ನಾನೇ ಹೇಳಿಕೊಂಡೆ. ನೀನು ಏಳುತ್ತಿದ್ದೀಯ, ಬರೆಯುತ್ತಿದ್ದೀಯ, ಅಮ್ಮ ಮೀನಿನವಳನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದಾಳೆ, ಇನ್ನೇನು ಬೇಕು ಎಂದು. ಹಾಗೆ ಹೇಳಿಕೊಂಡಾಗಲೆಲ್ಲ ಎರಡನೇ ಭಾಗ ತೆಗೆದು ಓದುತ್ತೇನೆ, ಮಡಚಿಟ್ಟು ಮತ್ತೆ ಬಿಚ್ಚುತ್ತೇನೆ. ನಾನು ಎಂತ ಮಾಡಲಿ, ನೀನೇ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಶಿಶಿರನ ಎರಡೂ ಕೆನ್ನೆಗೆ ಒಂದೊಂದು ಮುತ್ತು, ಟೊಪ್ಪಿ ಹಾಕಿಕೊಂಡರೆ ಮೂರನೆಯದೂ ಉಂಟೆಂದು ಹೇಳು. ಅಪ್ಪ ಅಮ್ಮ ನಿಮ್ಮೆಲ್ಲರಿಗೂ ಆಶೀರ್ವಾದ ತಿಳಿಸಿದ್ದಾರೆ. ಈ ಕಾಗದದಲ್ಲಿ ಎಂತ ಇದೆ ಎಂದು ಅವರಿಗೆ ಗೊತ್ತಿಲ್ಲ.

ಇಂತಿ ನಿನ್ನ ತಂಗಿ,
ಪ್ರಣಿತಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದದ್ದಕ್ಕೆ ಬೇಜಾರು ಮಾಡಬೇಡ. ಮೇಲೆ ‘ನೀನೇ ಹೇಳು’ ಎಂದು ಬರೆದಿದ್ದೇನಲ್ಲ, ಹೇಳಬೇಡ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊನ್ನಾವರಕ್ಕೆ ಹೋಗಿ ಮಾಸ್ತರೆದುರು ನಿಂತು ‘ನಂದು’ ಎನ್ನುತ್ತೇನೆ, ಕರಡಿನ ಮೇಲೆ ನನ್ನ ಹೆಸರು ಬರೆದು ಬರುತ್ತೇನೆ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಅದು ಆಗಿಹೋಗಿರುತ್ತದೆ. ಇದನ್ನೋದಿ ನೀನು ಬೆಳಿಗ್ಗೆ ಏಳುವುದನ್ನು ನಿಲ್ಲಿಸಿದರೆ ಆ ದುಃಖ ನನಗೆ ಯಾವಾಗಲೂ ಇರುತ್ತದೆ, ಆದರೂ ಹೋಗುತ್ತೇನೆ. ನಿನ್ನನ್ನು ಮೊದಲೇ ಕೇಳಬಹುದಿತ್ತು. ಕೇಳಿದರೆ ನೀನು ‘ತಕೊಳ್ಳೆ, ನಿಂದೇ’ ಎಂದು ಕೊಟ್ಟುಬಿಡುತ್ತಿದ್ದೆ, ಆಮೇಲೆ ಅದೂ ನೀನು ಕೊಟ್ಟದ್ದಾಗುತ್ತಿತ್ತು.