ಕೌದಿಯ ಮೇಲಿನ ಲ್ಯಾಪ್‌ಟಾಪ್ ಕುರಿತು ಆರನೆಯ ತಲೆಮಾರಿನ ಬಿನ್ನಹ

ಕಲಬುರಗಿ, ಮೇ ೩೭, ೨೧೯೮

ನನ್ನ ಆಯಿಯ ಆಯಿಯ ಆಯಿಯಾದ ಮಹಾನಂದಾ ಅವರ ಪಾದಗಳಿಗೆ ಅಡ್ಡಬಿದ್ದು ಬರೆಯುವುದೇನೆಂದರೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮೂವತ್ತೊಂದಕ್ಕೆ ಮುಗಿಯುವ ಸೌಜನ್ಯವನ್ನು ಮೇ ತಿಂಗಳು ಕೈಬಿಟ್ಟು ಬಹಳ ಕಾಲವಾಯಿತು. ಸೆಕೆ ಇಳಿಯುವವರೆಗೆ ನಾವೂ ಅದನ್ನು ಎಳೆಯುತ್ತೇವೆ. ಇಪ್ಪತ್ನಾಲ್ಕು ತುಂಬದ ನಿಮ್ಮನ್ನು ಅಜ್ಜಿ ಮಾಡಿ ಆಯಿ ಎನ್ನುವುದಕ್ಕೂ, ನಡುನಡುವೆ ನಮ್ಮ ಕಾಲದ ವಿಚಿತ್ರ ಪದಗಳು ನುಸುಳುವುದಕ್ಕೂ ಕ್ಷಮೆಯಿರಲಿ. ವಿಷಯ ಗಂಭೀರವಾದದ್ದು. ನಿಮ್ಮ ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗುತ್ತಿದೆ. ನಾನು ಹುಟ್ಟುವುದೋ ಬಿಡುವುದೋ ಎಂಬುದು ಆ ಬಿಸಿಯ ಮೇಲೆ ನಿಂತಿದೆ.

ನನ್ನ ಮಾತನ್ನು ಏಕೆ ನಂಬಬೇಕೆಂದು ಮೊದಲು ಹೇಳಿಬಿಡುತ್ತೇನೆ. ನಾವಿರುವುದು ನೆಲಬೀದಿಯಲ್ಲಿ, ಅಂದರೆ ಮಣ್ಣಿನಡಿ ಎರಡಾಳು ಆಳದಲ್ಲಿ ಕೊರೆದ ಓಣಿಯಲ್ಲಿ. ಇಲ್ಲಿ ಪ್ರತಿ ಯಂತ್ರಕ್ಕೂ ‘ಉಸಿರುಪಾಲು’ ಉಂಟು. ಸುತ್ತ ನಾಲ್ಕು ಬೆರಳು ಖಾಲಿ ಜಾಗ, ಅಲ್ಲಿ ಹುಲ್ಲುಕಡ್ಡಿಯನ್ನೂ ಇಡುವಂತಿಲ್ಲ. ಮನೆಗೆ ಬಂದವರನ್ನು ಊಟ ಆಯಿತೇ ಎನ್ನುವ ಮೊದಲು ಗಾಳಿ ಬಂತೇ ಎಂದು ಕೇಳುತ್ತೇವೆ. ಮೊನ್ನೆ ಪಕ್ಕದ ಮನೆಯ ರೊಟ್ಟಿಯಂತ್ರದ ಉಸಿರುಪಾಲಿನಲ್ಲಿ ನಾನೊಂದು ರಬ್ಬರ್ ಹಲ್ಲಿ ಇಟ್ಟದ್ದಕ್ಕೆ ಇಡೀ ಓಣಿ ಸೇರಿ ವಿಚಾರಣೆ ನಡೆಸಿತು. ಹಲ್ಲಿಗೆ ಮಾಫಿ ಸಿಕ್ಕಿತು. ಬಿಸಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಜನ ನಾವು.

ನೀವು ದಿನವಿಡೀ ಮದುವೆ ವಿಡಿಯೋ ಎಡಿಟ್ ಮಾಡುತ್ತೀರಿ, ಫ್ಯಾನು ಗಿರಣಿಯಂತೆ ಅರಚುತ್ತದೆ. ನಿಮ್ಮ ಅವ್ವ ಅಡುಗೆಮನೆಯಿಂದ ಕೂಗುವ ಮಾತು ಆರು ತಲೆಮಾರು ದಾಟಿ ನಮ್ಮವರೆಗೂ ಬಂದಿದೆ: “ಏ ಮಹಾನಂದಾ, ಅದು ಲ್ಯಾಪ್‌ಟಾಪ್ ಅದನೋ ಹಂಚ ಅದನೋ? ಹಿಟ್ಟ ನಾದ್ಕೊಂಡು ಬರ್ತೀನಿ, ನಾಕ್ ರೊಟ್ಟಿ ಸುಟ್ಟೇ ಬಿಡೋಣು!” ನಿಮ್ಮ ಅಪ್ಪ ಅದನ್ನು ಫ್ರಿಜ್ಜಿನಲ್ಲಿ ಇಡಲು ಹೊರಡುತ್ತಾರೆ, ಕೈಮುಗಿದು ತಡೆಯಿರಿ, ಒಳಗೆ ನೀರು ಹನಿಗಟ್ಟಿ ಇದ್ದ ಜೀವವೂ ಹೋದೀತು. ಆಫ್ ಮಾಡಿ, ಚಾರ್ಜರ್ ಕಿತ್ತಿಡಿ, ಅದು ತಾನಾಗಿ ಆರಲಿ. ಆಮೇಲೆ ಗಾಳಿ ಹೋಗುವ ಕಿಂಡಿಗಳನ್ನು ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ಆಯುಧಪೂಜೆಯ ದಿನ ಭಕ್ತಿಯಿಂದ ಎರಚಿದ ಕುಂಕುಮವೂ ಚೆಂಡುಹೂವಿನ ಎಸಳುಗಳೂ ಇನ್ನೂ ಅಲ್ಲೇ ಕೂತು ಪೂಜೆ ಸ್ವೀಕರಿಸುತ್ತಿವೆ. ಒಳಗಿನ ಧೂಳು ಗಟ್ಟಿಯಾಗಿದ್ದರೆ ರಿಪೇರಿಯವರಿಂದ ಬಿಚ್ಚಿಸಿ, ಪ್ರೊಸೆಸರ್ ಮೇಲೆ ಬಿಸಿ ಎಳೆಯಲೆಂದು ಹಚ್ಚಿ ಈಗ ಒಣಗಿರುವ ಪೇಸ್ಟನ್ನೂ ಬದಲಿಸಿ. ಕೆಲಸ ಮಾಡುವಾಗ ಮರದ ಮಣೆಯ ಮೇಲಿಟ್ಟು, ಹಿಂದಿನ ಅಂಚಿನಡಿ ಬಾಟಲಿಯ ಎರಡು ಮುಚ್ಚಳ ಕೊಡಿ. ಓದುತ್ತೇನೆಂದು ತೆರೆದು ಮರೆತ ಪುಟಗಳನ್ನೆಲ್ಲ ಮುಚ್ಚಿ. ಬ್ಯಾಟರಿ ಉಬ್ಬಿದ್ದು ಕಂಡರೆ ಮಾತ್ರ ಮುಟ್ಟಲೇಬೇಡಿ, ನೇರ ಅಂಗಡಿ.

ಈಗ ಬರುವ ಭಾನುವಾರದ ಮಾತು. ಬಿಸಿಲಿಗೆ ಪ್ರಯಾಣ ಬೇಡವೆಂದು ಯಾದಗಿರಿಯವರು ವಿಡಿಯೋ ಕಾಲಿನಲ್ಲೇ ಹೆಣ್ಣು ನೋಡುತ್ತಾರೆ. ವರನ ಹೆಸರು ರೇವಣಸಿದ್ಧ. ಎಲ್ಲದಕ್ಕೂ ಹೂಂ ಅನ್ನುವ ಹುಡುಗಿ ಬೇಡವೆಂದು ಅವರು ಆಗಲೇ ಮೂರು ಸಂಬಂಧ ಬಿಟ್ಟಿರುತ್ತಾರೆ. ಇದು ನಿಮಗೆ ಗೊತ್ತಿರುವುದಿಲ್ಲ. ಏನು ಕೇಳಿದರೂ ಹೂಂ ಅನ್ನೆಂದು ನಿಮ್ಮ ಮನೆಯವರು ಗಿಣಿಗೆ ಕಲಿಸಿದಂತೆ ಕಲಿಸಿರುತ್ತಾರೆ. ಶುಭಕಾರ್ಯವೆಂದು ನಿಮ್ಮ ಅವ್ವ ಮಂಚದ ಮೇಲೆ ಹೊಸ ಕೌದಿ ಹಾಸಿ, ಅದರ ಮೇಲೆ ಲ್ಯಾಪ್‌ಟಾಪನ್ನು ಮದುಮಗಳಂತೆ ಕೂರಿಸುತ್ತಾರೆ. ಕಿಂಡಿಗಳೆಲ್ಲ ಬಂದ್. ವರನ ಸೋದರತ್ತೆ ಮುಂದೆ ಬಾಗಿ ಕೇಳುತ್ತಾರೆ: “ಮದುವಿ ಆದಮ್ಯಾಲ ಈ ವಿಡಿಯೋ-ಗಿಡಿಯೋ ಎಲ್ಲಾ ಬಿಟ್ಟು ಮನ್ಯಾಗ ಕೂಡತೀ ಹೌದಿಲ್ಲೋ, ತಂಗೀ?” ನಿಮ್ಮ ಹೂಂ ಗಂಟಲಿಗೆ ಬರುತ್ತದೆ. ಅಷ್ಟರಲ್ಲಿ ಯಂತ್ರ ಕಾದು ತಾನೇ ಆಫ್ ಆಗಿಬಿಡುತ್ತದೆ.

ಯಾದಗಿರಿಯಲ್ಲಿ ಎಲ್ಲರೂ ತಿಳಿದದ್ದು ಒಂದೇ: ಹುಡುಗಿ ಸಿಟ್ಟಿನಿಂದ ರಪ್ಪನೆ ಮುಚ್ಚಿದಳು! ನಮಗೆ ಅಜ್ಜನಾಗಬೇಕಾದ ರೇವಣಸಿದ್ಧ ಮುತ್ಯಾ ಮಾತ್ರ ತೊಡೆ ತಟ್ಟಿ ನಗುತ್ತಾರೆ: “ಅತ್ತೀ, ಜವಾಬು ಸಿಕ್ತಲ್ಲ ನಿನಗ!” ಸಂಜೆ ಅವರೇ ನಿಮಗೆ ಫೋನ್ ಮಾಡುತ್ತಾರೆ. ನಿಜ ತಿಳಿದ ಮೇಲೂ ಸಂಬಂಧ ಬಿಡುವುದಿಲ್ಲ; ಕೆಲಸವನ್ನು ನೀವೂ ಬಿಡುವುದಿಲ್ಲ. ನಾವೆಲ್ಲ ಬರುವುದು ಅಲ್ಲಿಂದ.

ಆದ್ದರಿಂದ, ಆಯಿ, ಮೇಲಿನ ಉಪದೇಶವನ್ನೆಲ್ಲ ಸೋಮವಾರದಿಂದ ಪಾಲಿಸಿ. ಭಾನುವಾರ ಯಂತ್ರ ಕೌದಿಯ ಮೇಲೇ ಬೇಯಲಿ, ಒಂದು ದಿನಕ್ಕೆ ಅದು ಸಾಯುವುದಿಲ್ಲ. ನಿಮ್ಮ ಅವಸರದ ಸ್ವಭಾವ ನಮ್ಮ ಮನೆತನಕ್ಕೆಲ್ಲ ಗೊತ್ತು. ಪತ್ರ ಪೂರ್ತಿ ಓದುವ ಮೊದಲೇ ಬ್ರಷ್ಷು ಹಿಡಿದು ಎಲ್ಲ ಗುಡಿಸಿ ತಂಪು ಮಾಡಿಬಿಟ್ಟಿದ್ದರೂ ಚಿಂತೆಯಿಲ್ಲ. ಅತ್ತೆಯ ಪ್ರಶ್ನೆ ಮುಗಿಯುತ್ತಲೇ, ಲ್ಯಾಪ್‌ಟಾಪಿನ ಮುಚ್ಚಳವನ್ನು ನಿಮ್ಮ ಕೈಯಾರೆ ಮುಚ್ಚಿಬಿಡಿ.

ಹುಟ್ಟುವ ಪೂರ್ಣ ಭರವಸೆಯಲ್ಲಿ,
ನಿಮ್ಮ ಗೌರಾಂಬಿಕೆ