ಎದ್ದು ನಿಂತದ್ದೇ ತಪ್ಪಾಯಿತು

ಮಾನ್ಯ ವಸತಿ ಅಧಿಕಾರಿಗಳೇ,

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಂದು ಮನೆ ಖಾಲಿಯಿದೆ. ಮೂರನೇ ಮಹಡಿಯಲ್ಲಿ ನಾನು ದಿನಾ ಬೀಳುತ್ತಿದ್ದೇನೆ. ಎರಡೂ ತಮಗೆ ಗೊತ್ತು. ಆದರೂ ಮನೆ ಬದಲಿಸಿಕೊಡಿ ಎಂಬ ನನ್ನ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. 'ಅರ್ಜಿದಾರರು ನಿಲ್ಲಲು ಹಾಗೂ ನಡೆಯಲು ಶಕ್ತರಾಗಿದ್ದಾರೆ; ಒಂದು ವರ್ಷದ ನಂತರ ಮರುಪರಿಶೀಲಿಸಬಹುದು' ಎಂದು ಕಾರಣ ಕೊಟ್ಟಿದ್ದೀರಿ. ನನ್ನ ಡಾಕ್ಟರ ಬಾಯಿಂದಲೂ ಇಂಥ ಸಿಹಿ ಸುದ್ದಿ ಬಂದಿರಲಿಲ್ಲ.

ನಾನು ಪೇಂಟರು. ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಬ್ರಷ್ಷು ಹಿಡಿದು ಅರ್ಧ ಆಯುಷ್ಯವನ್ನು ಏಣಿಯ ಮೇಲೆ ಕಳೆದವನು. ಅಲ್ಲಿಂದ ಒಂದು ಸಲವೂ ಬೀಳಲಿಲ್ಲ. ಬಿದ್ದದ್ದು ನಮ್ಮ ಅಡುಗೆಮನೆಯ ಸಪಾಟು ನೆಲದ ಮೇಲೆ, ಒಂದು ಲೋಟ ನೀರಿಗೆಂದು ಹೋದಾಗ. ಹೆಂಡತಿ ನಕ್ಕಳು, ನಾನೂ ನಕ್ಕೆ. ಬಚ್ಚಲಲ್ಲಿ ಬಿದ್ದು ಹುಬ್ಬು ಒಡೆದಾಗ ಯಾರೂ ನಗಲಿಲ್ಲ. ಡಾಕ್ಟರು ಮೋಟಾರ್ ನ್ಯೂರಾನ್ ಕಾಯಿಲೆ ಎಂದರು. ಮೈಯನ್ನು ಆಡಿಸುವ ನರಗಳೇ ಸಾಯುತ್ತಾ ಹೋಗುತ್ತವಂತೆ. ನನಗೆ ಕಾಲಿನಿಂದ ಶುರುವಾಗಿದೆ. ಆಮೇಲೆ ಕೈ, ಮಾತು, ನುಂಗುವುದು, ಕೊನೆಗೆ ಉಸಿರು. ಗುಣವಾಗುವ ಔಷಧಿ ಇದೆಯೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಎಡವಿದವರಿಗೆ ಕೈ ಊರಿಕೊಳ್ಳಲು ಒಂದು ಗಳಿಗೆ ಸಿಗುತ್ತದೆ. ನನಗೆ ಅದೂ ಇಲ್ಲ. ಮೊಣಕಾಲು ಹೇಳದೆ ಕೇಳದೆ ಮಡಚಿಕೊಳ್ಳುತ್ತದೆ. ಹೆಂಡತಿ ನನ್ನ ಬೆನ್ನ ಕೆಳಗೆ ದುಪ್ಪಟಿ ತೂರಿಸಿ ಗೋಡೆಯವರೆಗೆ ಎಳೆಯುತ್ತಾಳೆ. ಅಲ್ಲಿಂದ ಸ್ಟೂಲು, ಸ್ಟೂಲಿನಿಂದ ಕುರ್ಚಿ. ನಾನೇ ಬಣ್ಣ ಬಳಿದ ಗೋಡೆಯ ತುಂಬ ನನ್ನದೇ ಕೈಯ ಕೊಳೆ. ಒಮ್ಮೆ ಕುರ್ಚಿಗೆ ಏರಿಸುವಾಗ ಇಬ್ಬರೂ ಬಿದ್ದೆವು, ಅವಳ ಮುಂಗೈ ಮುರಿಯಿತು. ಲಿಫ್ಟ್ ಇಲ್ಲದ ಈ ಕಟ್ಟಡದಲ್ಲಿ ನಾನು ಬೀದಿಗಿಳಿದು ಯಾವ ಕಾಲವಾಯಿತೋ.

ಇನ್ನು ನಾನು 'ಶಕ್ತ'ನಾದ ಕಥೆ. ತಮ್ಮ ಕಚೇರಿಯ ತನಿಖಾಧಿಕಾರಿ ಬರುವ ದಿನ ಹೆಂಡತಿ ನನಗೆ ಒಗೆದ ಶರ್ಟು ಹಾಕಿಸಿ ಕುರ್ಚಿಯಲ್ಲಿ ಕೂರಿಸಿದಳು. ಏಳಲೇಬಾರದು ಎಂದು ಹತ್ತು ಸಲ ಹೇಳಿದ್ದಳು. ಏನು ಮಾಡಲಿ? ಕೆಲಸದ ಜಾಗಕ್ಕೆ ಯಜಮಾನರು ಬಂದರೆ ಊಟದ ಡಬ್ಬಿ ಬಿಟ್ಟಾದರೂ ಎದ್ದು ನಿಲ್ಲುವುದು ನಮ್ಮ ಕಸುಬಿನವರಿಗೆ ರೂಢಿ. ಬಾಗಿಲಲ್ಲಿ ಸಾಹೇಬರನ್ನು ಕಂಡದ್ದೇ ಗೋಡೆ ಹಿಡಿದು ಎದ್ದೆ. ಹೆಜ್ಜೆ ಮುಂದಿಟ್ಟು, ಹಲ್ಲು ಕಚ್ಚಿ, ಕೈಮುಗಿದೆ.

"ಚೆನ್ನಾಗೇ ನಿಂತಿದ್ದೀರಲ್ರೀ," ಎಂದರು ಅವರು. ಒಳಗೂ ಬರಲಿಲ್ಲ. ಅವರ ಬೂಟಿನ ಸದ್ದು ಮೆಟ್ಟಿಲಲ್ಲಿ ಇನ್ನೂ ಕೇಳುತ್ತಿರುವಾಗಲೇ ಬಿದ್ದೆ. ಹೆಂಡತಿ ಕೂಗಿ ಕರೆದಳು. ಸದ್ದು ಕೆಳಗಿಳಿಯುತ್ತಲೇ ಹೋಯಿತು.

ಮರ್ಯಾದೆ ಕೊಟ್ಟದ್ದಕ್ಕೆ ಇಷ್ಟು ದೊಡ್ಡ ದಂಡ ಯಾವ ಕಾನೂನಿನಲ್ಲಿದೆ, ಸ್ವಾಮಿ? ಕುಂಟನಂತೆ ನಟಿಸುವವರನ್ನು ಹಿಡಿಯಲು ತಮ್ಮವರು ಪಳಗಿದ್ದಾರೆ. ಗಟ್ಟಿಮುಟ್ಟಾದವನಂತೆ ನಟಿಸಿದವನನ್ನು ಹಿಡಿಯಲು ಅವರಿಗೆ ಯಾರು ಕಲಿಸಬೇಕು? ಒಂದು ವರ್ಷ ಕಾಯಬೇಕಂತೆ. ಅಷ್ಟರಲ್ಲಿ ನಾನು ಖಂಡಿತ ಅರ್ಹನಾಗುತ್ತೇನೆ, ಆ ಬಗ್ಗೆ ಅನುಮಾನ ಬೇಡ. ಆಗ ಕೆಳಗಿಳಿಸಲು ನಾಲ್ಕು ಜನ ತಾವಾಗಿಯೇ ಬರುತ್ತಾರೆ, ತಮ್ಮ ಅನುಮತಿಯೂ ಬೇಕಾಗುವುದಿಲ್ಲ.

ವ್ಯಂಗ್ಯ ಸಾಕು. ನನಗೆ ಹೆದರಿಕೆಯಾಗುತ್ತಿದೆ. ನಿನ್ನೆ ರಾತ್ರಿ ಬಿದ್ದಾಗ ಹೆಂಡತಿ ಒಂದೇ ಕೈಯಲ್ಲಿ ಎಳೆದೆಳೆದು ಸೋತು, ನನ್ನ ಪಕ್ಕದಲ್ಲೇ ಕುಸಿದು ಕೂತಳು. ಅಳಲಿಲ್ಲ.

"ಇನ್ನೊಂದ್ಸಲ ಬಿದ್ರೆ ಎತ್ತೋಕೆ ನನ್ನ ಕೈಲಾಗಲ್ಲ ಕಣ್ರೀ. ನಿಮ್ಮ ಪಕ್ಕದಲ್ಲೇ ಮಲಗಿಬಿಡ್ತೀನಿ," ಎಂದಳು.

ಅವಳಿಗೆ ಯಾವ ಕಾಯಿಲೆಯೂ ಇಲ್ಲ, ಮಾನ್ಯರೇ. ನೆಲಮಹಡಿಯ ಬೀಗದ ಕೈಯನ್ನು ಈ ವಾರವೇ ಕೊಡಿ. ಅಲ್ಲಾದರೆ ಅವಳು ಕೂಗಿದಾಗ ನನ್ನನ್ನು ಎತ್ತಲು ಬೀದಿಯವರಾದರೂ ಬರುತ್ತಾರೆ. ನಾನು ಅರ್ಹನಲ್ಲದಿದ್ದರೆ ಬೇಡ, ಅವಳ ಹೆಸರಿಗೆ ಕೊಡಿ. ನನ್ನನ್ನು ಉಳಿಸಿ ಎಂದು ಯಾರನ್ನೂ ಕೇಳುತ್ತಿಲ್ಲ. ಅವಳನ್ನು ನನ್ನ ಕೆಳಗಿಂದ ಬಿಡಿಸಿ.

ಇಂತಿ,
ಸದ್ಯಕ್ಕೆ ಸಹಿ ಹಾಕಬಲ್ಲ,
ಮೂರನೇ ಮಹಡಿಯ ಪೇಂಟರು