ನೀಲಿ ಉರಿ

ನರಿನ್, ನವೆಂಬರ್ ೨೧

ಬುರುಲ್ ಅಪಾ ಇವತ್ತು ಇನ್ನೂ ಗೋಡೆ ತಟ್ಟಿಲ್ಲ. ಪಕ್ಕದ ಕೋಣೆಯಲ್ಲೇ ಇರುವ ಮನೆಯೊಡತಿ; ಅಪಾ ಅಂದರೆ ಇಲ್ಲಿ ಅಕ್ಕ. ದಿನಾ ಮಲಗುವ ಮುಂಚೆ ಅವಳು ತಟ್ಟುತ್ತಾಳೆ, ಬದುಕಿದ್ದೀನಿ ಅಂತ ನಾನೂ ತಟ್ಟುತ್ತೇನೆ.

ಈ ನರಿನ್ ಊರಿನ ಹಾಳು ಚಳಿ. ಗಡಿಯಾಚೆಯ ತೆರ್ಮೆಜ್‌ನ ಬಿಸಿಲಲ್ಲಿ ಬೆಳೆದ ಮೈಗೆ ಈ ದೇಶ ಒಗ್ಗುವುದೇ ಇಲ್ಲ. ಸಂಜೆ ಇಬ್ಬರೂ ಸೇರಿ ಎರಡೂ ಕೋಣೆಯ ಕಿಟಕಿ ಸಂದಿಗೆ ಕಾಗದ ಅಂಟಿಸಿದೆವು. ನನ್ನ ಕೋಣೆಯ ಒಲೆಗೆ ಕಲ್ಲಿದ್ದಲು ಹಾಕುವಾಗ ಅಪಾ ಮತ್ತೆ ಶುರುಮಾಡಿದಳು.

"ಕೆಂಡದ ಮೇಲೆ ನೀಲಿ ಉರಿ ಇರೋವರೆಗೂ ಹೊಗೆಕೊಳವೆ ಮುಚ್ಚಬೇಡ. ಬೆಚ್ಚಗಿರ್ಲಿ ಅಂತ ಮುಚ್ಚಿದ್ಯೋ, ವಿಷಗಾಳಿ ಕುಡಿದು ಮಲಗಿದಲ್ಲೇ ಸಾಯ್ತೀಯ. ನಿನ್ನ ಹೆಣಾನ ಗಡಿ ದಾಟಿಸೋರ್ಯಾರು?"

"ನೂರು ಸಲ ಹೇಳಿದೀರಿ ಅಪಾ!"

ಅವಳು ನನ್ನ ನೀಲಿ ಶಾಲು ಎಳೆದಳು. "ಈ ವಯಸ್ಸಿಗೆ ಕರೀದು ಯಾಕೆ ಹೊದೀತೀಯೆ? ಯಾರು ಸತ್ರು?"

ನಾನು ನಕ್ಕುಬಿಟ್ಟೆ. ಪೊರೆ ಬಂದ ಕಣ್ಣು, ಪಾಪ.

ಸ್ವಲ್ಪ ಹೊತ್ತಿನ ಹಿಂದೆ ನಾನಾಗಿಯೇ ಗೋಡೆ ತಟ್ಟಿದೆ. ಉತ್ತರ ಬರಲಿಲ್ಲ. ನಿದ್ದೆ ಹತ್ತಿರಬೇಕು ಅಂದುಕೊಂಡು ಬರೆಯಲು ಕೂತೆ. ಆದರೆ ಅವಳಿಗೆ ನೀಲಿ ಕಾಣುವುದೇ ಇಲ್ಲವಲ್ಲ. ಹಾಗಾದರೆ ತನ್ನ ಒಲೆಯ ನೀಲಿ ಉರಿ ಆರಿದೆ ಅಂದುಕೊಂಡು ಹೊಗೆಕೊಳವೆ—